ಮದ್ಯಮುಕ್ತಿಯ ಪರಸ್ಪರ ನೆರವಿನ ಸಭೆಗಳು: ಕೋಲಾರ ಸೀಮೆಯ ಸಂದರ್ಭ

ಮದ್ಯದ ಅವಲಂಬನೆಯಿಂದ ಬಿಡಿಸಿಕೊಳ್ಳಲು ಬಯಸುವವರೂ ಈಗಾಗಲೇ ಬಿಡಿಸಿಕೊಂಡವರೂ ಗೊತ್ತಾದ ದಿನ ಗೊತ್ತಾದ ಜಾಗದಲ್ಲಿ ಸೇರಿ, ತಮ್ಮ ಅನುಭವವನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಕುಡಿಯದೆ ಬದುಕುವುದಕ್ಕೆ ಆಸರೆಯಾಗುವ ಕೂಟಗಳನ್ನು ಪರಸ್ಪರ ನೆರವಿನ ಸಭೆಗಳೆಂದು ಕರೆಯಲಾಗುತ್ತದೆ. ಇಲ್ಲಿ ಉಪದೇಶ ಮಾಡುವ ಗುರುವಾಗಲಿ, ಔಷಧಿ ಬರೆಯುವ ವೈದ್ಯರಾಗಲಿ ಇರುವುದಿಲ್ಲ. ಒಂದೇ ಬಗೆಯ ಕಷ್ಟವನ್ನು ಉಂಡವರ ಮಾತು ಮತ್ತು ಹಾಜರಿಯೇ ಇಲ್ಲಿನ ಮದ್ದು. ಕರ್ನಾಟಕದಲ್ಲಿ ಇಂಥ ಸಭೆಗಳ ಎರಡು ಮುಖ್ಯ ಧಾರೆಗಳಿವೆ. ಅಮೆರಿಕದಲ್ಲಿ ಹುಟ್ಟಿ ಲೋಕವೆಲ್ಲ ಹರಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಗುಂಪುಗಳು ಒಂದಾದರೆ, ಶ್ರೀಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಮೂಡಿದ ನವಜೀವನ ಸಮಿತಿಗಳು ಇನ್ನೊಂದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪಟ್ಟಣಗಳಲ್ಲಿ ಮತ್ತು ಮಾಸ್ತಿಯಂಥ ಹೋಬಳಿ ಊರುಗಳಲ್ಲಿ ಇರುವವರಿಗೆ ಈ ಎರಡು ಧಾರೆಗಳನ್ನು ಮುಟ್ಟುವ ದಾರಿ ಯಾವುದು, ಸಭೆಗೆ ಹೋದಾಗ ಏನಾಗುತ್ತದೆ, ಹತ್ತಿರದಲ್ಲಿ ಸಭೆಯೇ ಇಲ್ಲದಿದ್ದರೆ ಏನು ಮಾಡಬಹುದು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಅವಲಂಬನೆಯ ಸ್ವರೂಪ

ಕುಡಿತವನ್ನು ನಡತೆಯ ದೋಷವೆಂದೋ ಮನೋಬಲದ ಕೊರತೆಯೆಂದೋ ಎಣಿಸುವ ರೂಢಿ ಬಲವಾಗಿದ್ದರೂ, ವೈದ್ಯಶಾಸ್ತ್ರ ಅದನ್ನು ಚಿಕಿತ್ಸೆಗೆ ಒಳಪಡುವ ಕಾಯಿಲೆಯಾಗಿ ಗುರುತಿಸುತ್ತದೆ. ಕುಡಿಯಬೇಕೆಂಬ ಅದಮ್ಯ ಒತ್ತಡ, ಎಷ್ಟು ಕುಡಿಯಬೇಕು ಎಲ್ಲಿ ನಿಲ್ಲಿಸಬೇಕು ಎಂಬ ಹಿಡಿತ ತಪ್ಪುವುದು, ಅದೇ ಅಮಲಿಗೆ ಹೆಚ್ಚು ಹೆಚ್ಚು ಮದ್ಯ ಬೇಕಾಗುವುದು, ಬಿಟ್ಟಾಗ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸುವುದು, ಕೆಡುಕು ಕಣ್ಣಿಗೆ ಕಾಣುತ್ತಿದ್ದರೂ ಮುಂದುವರಿಸುವುದು ಇದರ ಮುಖ್ಯ ಲಕ್ಷಣಗಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದ್ದು, ಚಿಕಿತ್ಸೆ ಪಡೆಯುವ ಮತ್ತು ಆ ವಿಷಯವನ್ನು ಗೋಪ್ಯವಾಗಿರಿಸಿಕೊಳ್ಳುವ ಹಕ್ಕನ್ನು ಇಂಥವರಿಗೂ ಕೊಡುತ್ತದೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ನೆರವು ಬೇಕಾದವರು 5.7 ಕೋಟಿ. ಮದ್ಯಾವಲಂಬಿಗಳಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದಿದ್ದರೆಂದು ಅದೇ ಸಮೀಕ್ಷೆ ತಿಳಿಸುತ್ತದೆ. ಆಸ್ಪತ್ರೆಗಳು ಮತ್ತು ಮನೋವೈದ್ಯರ ಸಂಖ್ಯೆ ಎಷ್ಟೇ ಹೆಚ್ಚಿದರೂ ಈ ಅಂತರ ಬೇಗ ತುಂಬುವಂಥದ್ದಲ್ಲವಾದ್ದರಿಂದ, ಖರ್ಚಿಲ್ಲದೆ ಊರಿನೊಳಗೇ ನಡೆಯಬಲ್ಲ ಸಭೆಗೆ ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದಲೂ ಮಹತ್ವವಿದೆ.

ಕುಡಿತವನ್ನು ನಿಲ್ಲಿಸುವುದು ಮತ್ತು ನಿಲ್ಲಿಸಿದ್ದನ್ನು ಉಳಿಸಿಕೊಳ್ಳುವುದು ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಕೆಲವು ದಿನಗಳು ಸಾಕು, ಅದು ಬಹುಮಟ್ಟಿಗೆ ವೈದ್ಯರ ಹೊಣೆ; ಎರಡನೆಯದು ವರ್ಷಗಳ ಕೆಲಸ, ಅದು ಆಸ್ಪತ್ರೆಯ ಗೋಡೆಯ ಆಚೆ, ಮನೆ, ಹೊಲ, ಕಾರ್ಖಾನೆ, ಜಾತ್ರೆಗಳ ನಡುವೆ ಆಗಬೇಕಾದದ್ದು. ಪರಸ್ಪರ ನೆರವಿನ ಸಭೆಯ ಸ್ಥಾನ ಇರುವುದು ಈ ಎರಡನೆಯ ಘಟ್ಟದಲ್ಲಿ.

ಸಭೆಗೆ ಮುನ್ನ ವೈದ್ಯರು

ದಿನವೂ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನದಲ್ಲೇ ನಡುಕ, ವಾಂತಿ, ಕಳವಳ ತೋರಬಹುದು. ಮೊದಲ ಎರಡು ದಿನಗಳೊಳಗೆ ಜನ ಫಿಟ್ಸ್ ಎನ್ನುವ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಲ್ಲಿ ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣುವುದು, ಜ್ವರ, ತೀವ್ರ ನಡುಕ ಕೂಡಿದ ಸನ್ನಿ ಉಂಟಾಗಿ ಜೀವಕ್ಕೇ ಅಪಾಯ ಒದಗಬಹುದು. ಕೋವಿಡ್ ಲಾಕ್‌ಡೌನ್ ಕಾರಣದಿಂದ 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದ ಮದ್ಯದಂಗಡಿಗಳು ಮುಚ್ಚಿದ್ದಾಗ, ಇಂಥ ಲಕ್ಷಣಗಳೊಂದಿಗೆ ಆಸ್ಪತ್ರೆ ಸೇರಿದವರ ಸ್ಥಿತಿಯನ್ನು ಬೆಂಗಳೂರಿನ ವೈದ್ಯರು ದಾಖಲಿಸಿದ್ದಾರೆ. ಆದುದರಿಂದ ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು, ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರು, ಪಿತ್ತಜನಕಾಂಗದ (ಲಿವರ್) ಕಾಯಿಲೆ ಇರುವವರು ಮೊದಲು ವೈದ್ಯರ ನಿಗಾದಲ್ಲಿ ಮದ್ಯ ಬಿಟ್ಟು, ಆಮೇಲೆ ಸಭೆಯ ದಾರಿ ಹಿಡಿಯುವುದು ಸುರಕ್ಷಿತ. ಈ ಹಂತದಲ್ಲಿ ನಡುಕವನ್ನು ತಗ್ಗಿಸುವ ಮಾತ್ರೆಗಳನ್ನೂ, ಮಿದುಳನ್ನು ಕಾಪಾಡಲು ಥಯಾಮಿನ್ ಎಂಬ ಬಿ1 ಜೀವಸತ್ವವನ್ನೂ ಕೊಡಲಾಗುತ್ತದೆ. ಮುಂದೆ ಆಸೆಯನ್ನು ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಔಷಧಿಗಳನ್ನು ವೈದ್ಯರು ಬರೆಯಬಹುದು. ಸಭೆಗೆ ಹೋಗುವುದು ಈ ಔಷಧಿಗಳಿಗೆ ಬದಲಿಯಲ್ಲ, ಅವುಗಳ ಜೊತೆಯ ಕೆಲಸ.

ಕುಡಿಯುವವನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವುದಾಗಿ ಹೇಳಿ ಮಾರುವ ಪುಡಿಗಳಿಂದ ದೂರವಿರಬೇಕು. ಮದ್ಯದೊಡನೆ ಸೇರಿದಾಗ ಮುಖ ಕೆಂಪೇರಿಸಿ, ವಾಂತಿ ತರಿಸಿ, ರಕ್ತದೊತ್ತಡ ಕುಸಿಯುವಂತೆ ಮಾಡುವ ಡೈಸಲ್ಫಿರಾಂ ಎಂಬ ಔಷಧಿಯನ್ನು ರೋಗಿಯ ಒಪ್ಪಿಗೆ ಮತ್ತು ತಿಳಿವಳಿಕೆ ಇಲ್ಲದೆ ಕೊಟ್ಟರೆ ಪ್ರಾಣಾಪಾಯವಾಗಬಹುದು. ಕೂಡಿಹಾಕಿ ಹೊಡೆದು ಚಟ ಬಿಡಿಸುತ್ತೇವೆನ್ನುವ ಕೇಂದ್ರಗಳೂ ಅಷ್ಟೇ ಅಪಾಯಕಾರಿ. ಚಿಕಿತ್ಸಾ ಕೇಂದ್ರವು ಕಾಯ್ದೆಯ ಪ್ರಕಾರ ನೋಂದಣಿಯಾಗಿದೆಯೇ, ವೈದ್ಯರು ಇದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಕುಟುಂಬದ ಹಕ್ಕು.

ಲೋಕದಲ್ಲಿ ಸಭೆಗಳ ಚರಿತ್ರೆ

1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣಕ್ಕೆ ಬಂದಿದ್ದ ಬಿಲ್ ವಿಲ್ಸನ್, ವ್ಯವಹಾರ ಕೈಗೂಡದೆ ಮತ್ತೆ ಕುಡಿಯುವ ಅಂಚಿಗೆ ಬಂದಾಗ, ಇನ್ನೊಬ್ಬ ಕುಡುಕನೊಡನೆ ಮಾತಾಡಿದರೆ ಮಾತ್ರ ತಾನು ಉಳಿದೇನೆಂದು ತಿಳಿದು, ಚರ್ಚುಗಳಿಗೆ ದೂರವಾಣಿ ಮಾಡಿ ಅಂಥವರೊಬ್ಬರನ್ನು ಹುಡುಕಿದರು. ಹೀಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಸ್ಮಿತ್ ಕೊನೆಯ ಬಾರಿ ಕುಡಿದ ದಿನವೆಂದು ಗುರುತಿಸಲಾಗುವ 1935ರ ಜೂನ್ 10ನ್ನು ಎ.ಎ. ತನ್ನ ಹುಟ್ಟಿನ ದಿನವಾಗಿ ಎಣಿಸುತ್ತದೆ. 1939ರಲ್ಲಿ ಪ್ರಕಟವಾದ ಅದರ ಮೂಲಗ್ರಂಥ ಹನ್ನೆರಡು ಹೆಜ್ಜೆಗಳನ್ನು ನಿರೂಪಿಸಿತು: ಮದ್ಯದ ಮುಂದೆ ತನ್ನ ಬಲ ನಡೆಯದೆಂದು ಒಪ್ಪುವುದು, ತನಗಿಂತ ದೊಡ್ಡ ಶಕ್ತಿಯೊಂದನ್ನು ತನಗೆ ತಿಳಿದಂತೆ ನಂಬುವುದು, ತನ್ನ ನಡತೆಯನ್ನು ಪರಿಶೀಲಿಸಿ ಇನ್ನೊಬ್ಬರ ಮುಂದೆ ಹೇಳಿಕೊಳ್ಳುವುದು, ನೋಯಿಸಿದವರಲ್ಲಿ ಆದಷ್ಟು ಮಟ್ಟಿಗೆ ತಪ್ಪನ್ನು ಸರಿಪಡಿಸಿಕೊಳ್ಳುವುದು, ಕೊನೆಗೆ ಈ ದಾರಿಯನ್ನು ಇತರ ವ್ಯಸನಿಗಳಿಗೆ ತಲುಪಿಸುವುದು ಇವುಗಳ ಸಾರ. ಗುಂಪುಗಳು ಹೇಗೆ ನಡೆಯಬೇಕೆಂಬ ಹನ್ನೆರಡು ಸಂಪ್ರದಾಯಗಳನ್ನು 1950ರಲ್ಲಿ ಅಂಗೀಕರಿಸಲಾಯಿತು. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ, ಹೊರಗಿನ ದೇಣಿಗೆ ಸ್ವೀಕರಿಸಬಾರದು, ಯಾವ ಮತ, ಪಕ್ಷ, ಸಂಸ್ಥೆಗೂ ಅಂಟಿಕೊಳ್ಳಬಾರದು, ಸದಸ್ಯರ ಹೆಸರು ಬಹಿರಂಗವಾಗಬಾರದು ಎಂಬಿವು ಅವುಗಳಲ್ಲಿ ಮುಖ್ಯವಾದವು. ವ್ಯಸನಿಗಳ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗ ರೂಪುಗೊಂಡಿತು. ಭಾರತದಲ್ಲಿ ಎ.ಎ. 1957ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಅದರ ದೇಶಮಟ್ಟದ ಸೇವಾ ಕಚೇರಿ ಇಂದಿಗೂ ಆ ನಗರದಲ್ಲೇ ಇದೆ.

ಎಲ್ಲ ನಾಡುಗಳೂ ಇದೇ ಅಚ್ಚನ್ನು ಒಪ್ಪಿಕೊಂಡಿಲ್ಲ. ಜಪಾನಿನಲ್ಲಿ 1963ರಲ್ಲಿ ರಾಷ್ಟ್ರಮಟ್ಟದಲ್ಲಿ ಒಗ್ಗೂಡಿದ ದಾನ್‌ಶುಕಾಯ್ ಎಂಬ ಮದ್ಯವರ್ಜನ ಸಂಘಗಳಲ್ಲಿ ಸದಸ್ಯರು ಹೆಸರನ್ನು ಮುಚ್ಚಿಡುವುದಿಲ್ಲ; ಗಂಡನ ಜೊತೆ ಹೆಂಡತಿಯೂ ಅದೇ ಸಭೆಯಲ್ಲಿ ಕುಳಿತು ಮಾತಾಡುತ್ತಾಳೆ. ವ್ಯಕ್ತಿಯನ್ನು ಕುಟುಂಬದಿಂದ ಬಿಡಿಸಿ ನೋಡದ ಸಮಾಜಗಳಲ್ಲಿ ಸಭೆಯ ರೂಪವೂ ಬದಲಾಗುತ್ತದೆಂಬುದಕ್ಕೆ ಇದು ನಿದರ್ಶನ. ಕರ್ನಾಟಕದ ಅನುಭವವೂ ಇದಕ್ಕೆ ಹತ್ತಿರವಾಗಿದೆ.

ಕರ್ನಾಟಕದ ಧಾರೆಗಳು

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಹಣ ಅಥವಾ ಧಾನ್ಯದ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಲು ತೊಡಗಿದರು. ಮಹಾಂತ ಜೋಳಿಗೆಯೆಂದು ಹೆಸರಾದ ಈ ಕಾರ್ಯದ ನೆನಪಿಗೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಸರ್ಕಾರದ ಕಡೆಯಿಂದ ಕರ್ನಾಟಕ ರಾಜ್ಯ ಮದ್ಯಪಾನ ಸಂಯಮ ಮಂಡಳಿ ಜಾಗೃತಿಯ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ವ್ಯಸನ ಚಿಕಿತ್ಸಾ ಕೇಂದ್ರ ಒಳರೋಗಿ, ಹೊರರೋಗಿ ಸೇವೆಗಳ ಜೊತೆಗೆ ಸಂಶೋಧನೆ ಮತ್ತು ತರಬೇತಿಯನ್ನೂ ನಡೆಸುತ್ತದೆ.

ಹಳ್ಳಿಗಳನ್ನು ಹೆಚ್ಚು ವ್ಯಾಪಕವಾಗಿ ಮುಟ್ಟಿದ್ದು ಧರ್ಮಸ್ಥಳದ ಪ್ರಯತ್ನ. ಕ್ಷೇತ್ರದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡುವಾಗ, ದುಡಿದ ಹಣ ಕುಡಿತದಲ್ಲಿ ಕರಗುತ್ತಿದ್ದುದನ್ನು ಕಂಡು, 1990ರ ದಶಕದ ಆರಂಭದಿಂದ ಜನಜಾಗೃತಿ ವೇದಿಕೆಯ ಮೂಲಕ ಮದ್ಯವರ್ಜನ ಶಿಬಿರಗಳನ್ನು ನಡೆಸತೊಡಗಿತು. ಊರಿನ ಗಣ್ಯರು, ಸಂಘಸಂಸ್ಥೆಗಳು ಸೇರಿ ವ್ಯವಸ್ಥಾಪನಾ ಸಮಿತಿ ಮಾಡಿಕೊಂಡು ಕಲ್ಯಾಣಮಂಟಪವನ್ನೋ ಸಮುದಾಯ ಭವನವನ್ನೋ ಒದಗಿಸುತ್ತಾರೆ. ಶಿಬಿರಾರ್ಥಿಗಳು ಸುಮಾರು ಎಂಟು ದಿನ ಅಲ್ಲೇ ಉಳಿದು ವೈದ್ಯಕೀಯ ತಪಾಸಣೆ, ಆಪ್ತಸಲಹೆ, ಯೋಗ, ಭಜನೆ, ಗುಂಪುಚರ್ಚೆಗಳಲ್ಲಿ ತೊಡಗುತ್ತಾರೆ. ಮನೆಯವರನ್ನೂ ಕರೆಸಿ ಅವರ ಮಾತಿಗೂ ಅವಕಾಶ ಕೊಡಲಾಗುತ್ತದೆ. ಇಂಥ ಶಿಬಿರಗಳ ಸಂಖ್ಯೆ ಸಾವಿರವನ್ನು ದಾಟಿದೆ. ಶಿಬಿರ ಮುಗಿಸಿದವರು ತಮ್ಮ ಊರಿನಲ್ಲಿ ನವಜೀವನ ಸಮಿತಿಯಾಗಿ ಸಂಘಟಿತರಾಗಿ ನಿಯತವಾಗಿ ಸಭೆ ಸೇರುತ್ತಾರೆ. ನೂರು ದಿನ ಪೂರೈಸಿದಾಗ ಶತದಿನೋತ್ಸವ ನಡೆಯುತ್ತದೆ. ಗಾಂಧಿ ಜಯಂತಿಯ ಸಂದರ್ಭದಲ್ಲಿ ಪಾನಮುಕ್ತರ ಸಮಾವೇಶಗಳು ಏರ್ಪಡುತ್ತವೆ.

ಕುಡಿತದ ಹೊರೆಯನ್ನು ಹೊತ್ತ ಮಹಿಳೆಯರ ಹೋರಾಟವೂ ಈ ಚರಿತ್ರೆಯ ಭಾಗ. ಕೋಲಾರದ ನೆರೆಯ ಆಂಧ್ರಪ್ರದೇಶದಲ್ಲಿ, ನೆಲ್ಲೂರು ಜಿಲ್ಲೆಯ ದೂಬಗುಂಟದ ಅಕ್ಷರಕಲಿಕೆಯ ಮಹಿಳೆಯರಿಂದ ಆರಂಭವಾದ ಸಾರಾಯಿ ವಿರೋಧಿ ಚಳವಳಿ 1993ರಲ್ಲಿ ಅಲ್ಲಿ ಸಾರಾಯಿ ನಿಷೇಧಕ್ಕೆ ಕಾರಣವಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದರು. ಮಾರಾಟದ ನಿಯಂತ್ರಣ ಮತ್ತು ವ್ಯಸನಿಯ ಚೇತರಿಕೆ ಎರಡೂ ಬೇಕು. ಆದರೆ ಸಾರಾಯಿ ನಿಂತ ಊರಿನಲ್ಲಿ ಬೇರೆ ಮದ್ಯಕ್ಕೆ ಹೊರಳಿದವರ ಸಂಗತಿ ಗಮನಿಸಿದರೆ, ಅಂಗಡಿ ಮುಚ್ಚಿದ ಮಾತ್ರಕ್ಕೆ ಅವಲಂಬನೆ ಮಾಯವಾಗುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಕೋಲಾರ ಸೀಮೆಯ ಸನ್ನಿವೇಶ

ಜಿಲ್ಲೆಯ ಭೂಗೋಳ ಮತ್ತು ದುಡಿಮೆಯ ಕ್ರಮ ಸಭೆಗಳ ಮೇಲೆ ನೇರ ಪರಿಣಾಮ ಬೀರುತ್ತವೆ. ಕೋಲಾರ ಪಟ್ಟಣ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಮುಳಬಾಗಿಲು ಅದೇ ಹೆದ್ದಾರಿಯಲ್ಲಿ ಇನ್ನೂ ಪೂರ್ವಕ್ಕೆ, ಆಂಧ್ರದ ಗಡಿಯ ಸಮೀಪದಲ್ಲಿದೆ. ಮಾಲೂರಿಗೆ ಬೆಂಗಳೂರಿನ ರೈಲು ಸಂಪರ್ಕವಿರುವುದರಿಂದ ದಿನವೂ ಹೋಗಿಬರುವ ನೌಕರರು, ಕಾರ್ಮಿಕರು ಹಲವರು. ಮಾಸ್ತಿ ಹೋಬಳಿಯಿಂದ ತಮಿಳುನಾಡಿನ ಗಡಿ ದೂರವಲ್ಲ. ಬೆಂಗಳೂರಿನಲ್ಲಿ ವಾರದ ಬೇರೆ ಬೇರೆ ದಿನಗಳಲ್ಲಿ ಎ.ಎ. ಸಭೆಗಳು ನಡೆಯುವುದರಿಂದ, ಅಲ್ಲಿ ಕೆಲಸ ಮಾಡುವವರು ಊರಿಗೆ ಮರಳುವ ಮುನ್ನ ಅಲ್ಲಿಯ ಸಭೆಗೇ ಸೇರಬಹುದು. ಊರಲ್ಲೇ ಇರುವ ರೈತರಿಗೆ ಮತ್ತು ಕೂಲಿಕಾರರಿಗೆ ಅದು ಕಷ್ಟ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಬೇಕಾದ, ರೇಷ್ಮೆಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಕೊಡಬೇಕಾದ ಮನೆಗಳಿಗೆ ಸಂಜೆಯ ಹಾಲು ಮುಗಿದ ಮೇಲಿನ ಸಮಯ ಅನುಕೂಲ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳ ಪಾಳಿ ಕಾರ್ಮಿಕರಿಗೆ ಭಾನುವಾರ ಸೂಕ್ತ.

ಕುಡಿತದ ಪ್ರಚೋದನೆಗೂ ಇಲ್ಲಿ ತನ್ನದೇ ಕಾಲಮಾನವಿದೆ. ಟೊಮೆಟೊ ಅಥವಾ ಮಾವಿನ ಹಣ ಕೈಗೆ ಬಂದ ದಿನ, ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ ದಿನ, ಹಾಲಿನ ಬಟವಾಡೆಯ ದಿನ, ಯುಗಾದಿಯ ಮರುದಿನದ ಹೊಸತೊಡಕು, ಊರಹಬ್ಬ, ಮದುವೆಯ ಮುನ್ನಾರಾತ್ರಿ, ಚುನಾವಣೆಯ ವಾರಗಳು, ಸಾವಿನ ಮನೆಯ ತಿಥಿಯ ದಿನ ಇವೆಲ್ಲ ಬಿಟ್ಟವರಿಗೆ ಗಂಡಾಂತರದ ಗಳಿಗೆಗಳು. ಅನುಭವಸ್ಥ ಗುಂಪುಗಳು ಇಂಥ ದಿನಗಳನ್ನು ಮೊದಲೇ ಗುರುತಿಸಿ, ಆ ದಿನವೇ ಸಭೆ ಇಟ್ಟುಕೊಳ್ಳುವುದೋ ಹೊಸಬರ ಜೊತೆ ಒಬ್ಬ ಹಳಬ ಇರುವಂತೆ ನೋಡಿಕೊಳ್ಳುವುದೋ ಮಾಡುತ್ತವೆ.

ಭಾಷೆಯ ವಿಷಯವೂ ಗಣನೀಯ. ಈ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾಗಿದ್ದು ಓದುಬರಹ ಕನ್ನಡದಲ್ಲಿರುವವರು ಬಹಳ. ತಮಿಳು ಮತ್ತು ದಖ್ಖನಿ ಉರ್ದು ಆಡುವವರೂ ಇದ್ದಾರೆ. ನಾಚಿಕೆ, ಪಶ್ಚಾತ್ತಾಪ, ಭಯಗಳನ್ನು ಮನೆಮಾತಿನಲ್ಲಷ್ಟೇ ಬಿಚ್ಚಿ ಹೇಳಬಲ್ಲವರಿಗೆ ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಬಹುದೆಂಬ ಸ್ವಾತಂತ್ರ್ಯ ಕೊಡುವುದು ಸಭೆಯ ಯಶಸ್ಸಿಗೆ ಅಗತ್ಯ.

ಸಭೆಯನ್ನು ಹುಡುಕುವ ದಾರಿಗಳು

ಮೊದಲ ದಾರಿ ಸರ್ಕಾರಿ ಆರೋಗ್ಯ ವ್ಯವಸ್ಥೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯನ್ನು ಮುಟ್ಟಬಹುದು. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಿದ್ದು, ತಮ್ಮ ತಾಲ್ಲೂಕಿಗೆ ಯಾವ ವಾರವೆಂದು ಆಸ್ಪತ್ರೆಯಲ್ಲೇ ವಿಚಾರಿಸಬೇಕು. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ ಮತ್ತು ಟಮಕದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರದ ದೊಡ್ಡ ಚಿಕಿತ್ಸಾಲಯಗಳು. ಬಿಡುಗಡೆಯ ಸಮಯದಲ್ಲಿ ತಮ್ಮ ಊರಿನ ಸಮೀಪ ಯಾವ ಗುಂಪು ಸಭೆ ಸೇರುತ್ತದೆಂದು ವೈದ್ಯರನ್ನೂ ಸಮಾಜಕಾರ್ಯಕರ್ತರನ್ನೂ ತಪ್ಪದೆ ಕೇಳಬೇಕು.

ಎರಡನೆಯ ದಾರಿ ದೂರವಾಣಿ. ವ್ಯಸನಮುಕ್ತಿಗಾಗಿ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416. ಎರಡನೆಯದರಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತಾಡಬಹುದು. ಎ.ಎ. ಗುಂಪುಗಳು ಸಾಮಾನ್ಯವಾಗಿ ಚರ್ಚಿನ ಕೊಠಡಿ, ಶಾಲೆ, ಆಸ್ಪತ್ರೆಯ ಸಭಾಂಗಣಗಳನ್ನು ಬಾಡಿಗೆಗೆ ಪಡೆದು ಸೇರುವುದರಿಂದ ಸ್ಥಳೀಯ ಪಾದ್ರಿಗಳಿಗೂ ಮುಖ್ಯೋಪಾಧ್ಯಾಯರಿಗೂ ಮಾಹಿತಿ ಇರುವುದುಂಟು. ಚರ್ಚಿನಲ್ಲಿ ಸೇರುವುದಕ್ಕೂ ಆ ಮತಕ್ಕೂ ಸಂಬಂಧವಿಲ್ಲವೆಂಬುದನ್ನು ಹೊಸಬರು ತಿಳಿದಿರಬೇಕು. ಮೂರನೆಯ ದಾರಿ ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿ ಅಥವಾ ಹಳ್ಳಿಯ ಸ್ವಸಹಾಯ ಸಂಘವನ್ನು ನೋಡಿಕೊಳ್ಳುವ ಸೇವಾಪ್ರತಿನಿಧಿ. ಮುಂದಿನ ಶಿಬಿರ ಎಲ್ಲಿ, ನವಜೀವನ ಸಮಿತಿ ಯಾವ ಊರಿನಲ್ಲಿದೆ ಎಂಬುದನ್ನು ಅವರಿಂದ ತಿಳಿಯಬಹುದು.

ಈ ಎಲ್ಲಕ್ಕಿಂತ ನೇರವಾದ ದಾರಿಯೊಂದಿದೆ: ಊರಿನಲ್ಲಿ ಕುಡಿತ ಬಿಟ್ಟು ಕೆಲವು ವರ್ಷ ಕಳೆದಿರುವ ವ್ಯಕ್ತಿಯನ್ನು ಕಂಡು ಮಾತಾಡುವುದು. ಹಲವು ಹಳ್ಳಿಗಳಲ್ಲಿ ಅಂಥವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರೇ ಹೊಸಬರನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಸಭೆಗೆ ಕರೆದೊಯ್ಯುವುದರಿಂದ, ಒಂಟಿಯಾಗಿ ಅಪರಿಚಿತ ಬಾಗಿಲು ತಟ್ಟುವ ಹಿಂಜರಿಕೆ ನೀಗುತ್ತದೆ. ಹೊರಡುವ ಮುನ್ನ ಕೇಳಿ ತಿಳಿಯಬೇಕಾದವು ಇಷ್ಟು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ, ವ್ಯಸನಿಗಳಿಗೆ ಮಾತ್ರವೇ, ಮನೆಯವರೂ ಬರಬಹುದೇ, ಮುಗಿದ ಮೇಲೆ ಊರಿಗೆ ಕಡೆಯ ಬಸ್ಸು ಸಿಗುತ್ತದೆಯೇ. ಗ್ರಾಮೀಣ ಭಾಗದಲ್ಲಿ ಕೊನೆಯ ಪ್ರಶ್ನೆ ಹಾಜರಾತಿಯನ್ನೇ ನಿರ್ಧರಿಸಬಲ್ಲದು. ಬಸ್ಸಿಲ್ಲದ ವಾರಗಳಲ್ಲಿ ಮೊಬೈಲಿನಲ್ಲಿ ನಡೆಯುವ ಆನ್‌ಲೈನ್ ಸಭೆಗಳು ನೆರವಾಗುತ್ತವೆ. ಲಾಕ್‌ಡೌನ್ ಕಾಲದಲ್ಲಿ ಹೆಚ್ಚಿದ ಈ ರೂಢಿ ಆಮೇಲೂ ಉಳಿದಿದೆ.

ಸಭೆ ನಡೆಯುವ ಬಗೆ

ಎ.ಎ. ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆಯದು. ವ್ಯಸನಿಗಳಿಗೆ ಮಾತ್ರ ಪ್ರವೇಶವಿರುವುದು ಮುಚ್ಚಿದ ಸಭೆ. ಮನೆಯವರು, ವಿದ್ಯಾರ್ಥಿಗಳು, ವೈದ್ಯರು ಕೇಳಲು ಬರಬಹುದಾದದ್ದು ತೆರೆದ ಸಭೆ. ಸರದಿಯ ಪ್ರಕಾರ ಒಬ್ಬ ಸದಸ್ಯ ಅಧ್ಯಕ್ಷತೆ ವಹಿಸುತ್ತಾನೆ. ಮೌನ ಅಥವಾ ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾನು ಮದ್ಯವ್ಯಸನಿಯೆಂದು ಒಪ್ಪಿ, ಕುಡಿತದ ದಿನಗಳು ಹೇಗಿದ್ದವು, ಏನಾಯಿತು, ಈಗ ಹೇಗಿದ್ದೇನೆ ಎಂಬುದನ್ನು ಹೇಳಿಕೊಳ್ಳುತ್ತಾರೆ. ಸದಸ್ಯರು ಶೇರಿಂಗ್ ಎಂದು ಕರೆಯುವ ಈ ಮಾತಿನ ನಡುವೆ ಯಾರೂ ಬಾಯಿಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ತೀರ್ಪು ಕೊಡುವುದಿಲ್ಲ. ಹೊಸಬ ಮಾತಾಡಲೇಬೇಕೆಂಬ ಒತ್ತಾಯವಿಲ್ಲ. ಹೆಸರನ್ನಷ್ಟೇ ಹೇಳಿ ಕೇಳುತ್ತ ಕೂರಬಹುದು. ಶುಲ್ಕವಿಲ್ಲ, ಬಾಡಿಗೆ ಮತ್ತು ಚಹಾದ ಖರ್ಚಿಗೆ ಸದಸ್ಯರು ಕೈಲಾದಷ್ಟು ಹಾಕುತ್ತಾರೆ. ಹೊಸಬನಿಗೆ ಹಳಬರಲ್ಲೊಬ್ಬರು ಮಾರ್ಗದರ್ಶಿಯಾಗಿ ನಿಲ್ಲುತ್ತಾರೆ. ಸ್ಪಾನ್ಸರ್ ಎಂದು ಕರೆಯುವ ಈ ಹಿರಿಯ ಗೆಳೆಯನಿಗೆ ಕುಡಿಯುವ ಆಸೆ ಒತ್ತಿಬಂದ ಅಪರಾತ್ರಿಯಲ್ಲೂ ಫೋನ್ ಮಾಡಬಹುದು. ಇಂದು ಒಂದು ದಿನ ಕುಡಿಯದಿದ್ದರೆ ಸಾಕೆಂದು ಲೆಕ್ಕ ಹಾಕುವ ಕ್ರಮ, ಜೀವಮಾನದ ಪ್ರತಿಜ್ಞೆಯ ಭಾರದಿಂದ ಕುಗ್ಗಿದವರಿಗೆ ಹೆಜ್ಜೆಯಿಡಲು ಧೈರ್ಯ ಕೊಡುತ್ತದೆ.

ನವಜೀವನ ಸಮಿತಿಯ ಸಭೆಯಲ್ಲಿ ಪ್ರಾರ್ಥನೆ, ಹಾಜರಿ, ಪ್ರತಿ ಸದಸ್ಯನ ಸ್ಥಿತಿಯ ವಿಚಾರಣೆ, ಉಳಿತಾಯ ಮತ್ತು ಜೀವನೋಪಾಯದ ಮಾತು, ಸಭೆಗೆ ಬಾರದವನ ಮನೆಗೆ ಭೇಟಿ ಕೊಡುವ ನಿರ್ಧಾರ ಇವು ಪ್ರಧಾನವಾಗಿರುತ್ತವೆ. ಇಲ್ಲಿ ಪ್ರತಿಜ್ಞೆಗೂ ದೈವಭಕ್ತಿಗೂ ಹೆಚ್ಚು ಸ್ಥಾನವಿದೆ. ದೇವರ ವಿಷಯದಲ್ಲಿ ಬೇರೆ ನಂಬಿಕೆ ಇರುವವರಿಗೆ, ನಂಬಿಕೆಯೇ ಇಲ್ಲದವರಿಗೆ ಎ.ಎ.ಯ ಕ್ರಮ ಹೆಚ್ಚು ಹಿಡಿಸಬಹುದು. ಹರಕೆ, ಆಣೆಗಳ ಬಲದಲ್ಲಿ ನಿಲ್ಲುವವರಿಗೆ, ಊರಿನ ಜೊತೆಗೇ ಬದಲಾಗಬಯಸುವವರಿಗೆ ನವಜೀವನದ ಕ್ರಮ ಒಗ್ಗಬಹುದು. ಎರಡಕ್ಕೂ ಕೆಲವು ಬಾರಿ ಹೋಗಿ ನೋಡಿ ತಮಗೆ ಒಗ್ಗುವುದನ್ನು ಆರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಹೆಸರಿನ ಗುಟ್ಟು ಮತ್ತು ಹಳ್ಳಿ

ನಗರದಲ್ಲಿ ಹೆಸರು ಮರೆಮಾಚಿ ಸಭೆಗೆ ಹೋಗುವುದು ಸುಲಭ. ನೂರಿನ್ನೂರು ಮನೆಗಳ ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವಾಗ ಅನಾಮಿಕತೆಗೆ ಅರ್ಥವೇನೆಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಕಾಪಾಡಬೇಕಾದದ್ದು ಕುಡಿತದ ಸಂಗತಿಯನ್ನಲ್ಲ, ಸಭೆಯಲ್ಲಿ ಆಡಿದ ಮಾತನ್ನು. ಹೆಂಡತಿಯ ಮೇಲೆ ಕೈಮಾಡಿದ್ದು, ಮಗಳ ಓಲೆ ಅಡವಿಟ್ಟಿದ್ದು, ಸಂಘದ ಸಾಲದ ಹಣ ಕುಡಿದದ್ದು ಮೊದಲಾದವನ್ನು ಒಬ್ಬ ಬಿಚ್ಚಿಟ್ಟ ಮೇಲೆ ಅದು ಬೆಳಗಾಗುವಷ್ಟರಲ್ಲಿ ಅಂಗಡಿಕಟ್ಟೆಯ ಮಾತಾದರೆ ಅವನು ಮತ್ತೆ ಸಭೆಗೆ ಬರಲಾರ, ಬೇರೆಯವರೂ ಬಾಯಿಬಿಡಲಾರರು. ಜಾತಿ, ಕೇರಿ, ಪಕ್ಷಗಳ ಭೇದ ಬಲವಾಗಿರುವೆಡೆ ಈ ಎಚ್ಚರ ಇನ್ನೂ ಅಗತ್ಯ. ಎಲ್ಲರೂ ಒಂದೇ ಜಮಖಾನೆಯ ಮೇಲೆ ಅಥವಾ ಒಂದೇ ಸಾಲಿನ ಕುರ್ಚಿಗಳಲ್ಲಿ ಕೂರುವುದು, ಎಲ್ಲ ಕೇರಿಯವರೂ ಮುಜುಗರವಿಲ್ಲದೆ ಬರಬಲ್ಲ ಜಾಗವನ್ನು ಆರಿಸುವುದು ಸಭೆಯ ಮೊದಲ ನಿಯಮಗಳಾಗಬೇಕು. ಬಿಟ್ಟವರನ್ನು ವೇದಿಕೆಗೆ ಕರೆದು ಹಾರ ಹಾಕುವ ಪದ್ಧತಿ ಹಲವರಿಗೆ ಕಳೆದ ಮರ್ಯಾದೆಯನ್ನು ಮರಳಿ ಕೊಡುತ್ತದೆ, ಕುಟುಂಬಕ್ಕೆ ತಲೆಯೆತ್ತಿ ನಡೆಯುವ ಬಲ ತುಂಬುತ್ತದೆ. ಅದೇ ವ್ಯಕ್ತಿ ಮುಂದೊಂದು ದಿನ ಎಡವಿದರೆ ಅವಮಾನ ಇಮ್ಮಡಿಯಾಗಬಹುದಾದ್ದರಿಂದ, ಸನ್ಮಾನಕ್ಕೆ ಅವನ ಮನಃಪೂರ್ವಕ ಒಪ್ಪಿಗೆ ಇರಬೇಕು.

ಮಹಿಳೆಯರು ಮತ್ತು ಕುಟುಂಬ

2019ರ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಮಹಿಳೆಯರ ಪ್ರಮಾಣ ಶೇ. 1.6 ಮಾತ್ರವಿದ್ದರೂ, ಅವರು ಎದುರಿಸುವ ಕಳಂಕ ಪುರುಷರಿಗಿಂತ ಬಹಳ ಹೆಚ್ಚು. ಪುರುಷರೇ ತುಂಬಿದ ಸಭೆಗೆ ಒಬ್ಬ ಹೆಣ್ಣುಮಗಳು ಹೋಗುವುದು ಸುಲಭವಲ್ಲ. ಅವರಿಗೆ ವೈದ್ಯರ ಬಳಿ ಒಂಟಿ ಸಮಾಲೋಚನೆ, ಮಹಿಳೆಯರ ಪ್ರತ್ಯೇಕ ಸಭೆ, ಆನ್‌ಲೈನ್ ಸಭೆ ಸೂಕ್ತ ಆರಂಭಗಳು. ಕುಡಿಯುವವರ ಹೆಂಡತಿ, ತಾಯಿ, ಮಕ್ಕಳಿಗೆ ತಮ್ಮದೇ ಸಭೆ ಬೇಕು. ಗಂಡನ ಕುಡಿತಕ್ಕೆ ತಾನು ಕಾರಣಳಲ್ಲ, ಅದನ್ನು ತಡೆದು ನಿಲ್ಲಿಸುವ ಹೊಣೆಯೂ ತನ್ನದಲ್ಲ, ತನ್ನ ಮತ್ತು ಮಕ್ಕಳ ಕ್ಷೇಮವನ್ನು ನೋಡಿಕೊಳ್ಳುವುದು ತಪ್ಪಲ್ಲ ಎಂಬ ತಿಳಿವಳಿಕೆ ಅಲ್-ಅನಾನ್ ಸಭೆಗಳ ತಿರುಳು. ಅಂಥ ಸಭೆ ಹತ್ತಿರವಿಲ್ಲದ ಊರುಗಳಲ್ಲಿ ಸ್ತ್ರೀಶಕ್ತಿ ಮತ್ತು ಇತರ ಸ್ವಸಹಾಯ ಸಂಘಗಳ ವಾರದ ಕೂಟವೇ ಈ ಮಾತಿಗೆ ಎಡೆಯಾಗಬಲ್ಲದು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಗಂಡ ಸಭೆಗೆ ಹೋಗಿ ಸುಧಾರಿಸಲೆಂದು ಕಾಯದೆ, ಮಹಿಳಾ ಸಹಾಯವಾಣಿ 181ರ ನೆರವು ಪಡೆಯಬೇಕು.

ಮರುಕಳಿಕೆ

ಬಿಟ್ಟ ಮೇಲೆ ಮತ್ತೆ ಕುಡಿಯುವುದನ್ನು ಮರುಕಳಿಕೆ ಎನ್ನುತ್ತಾರೆ. ಮೊದಲ ಕೆಲವು ತಿಂಗಳುಗಳಲ್ಲಿ ಇದರ ಸಂಭವ ಹೆಚ್ಚು; ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹಾಗೆ ದೀರ್ಘಕಾಲದ ನಿಗಾ ಬೇಡುವ ಕಾಯಿಲೆಯಲ್ಲಿ ಇದು ಅನಿರೀಕ್ಷಿತವಲ್ಲ. ಎಡವಿದವನು ನಾಚಿಕೆಯಿಂದ ಸಭೆಯನ್ನೇ ಬಿಟ್ಟುಬಿಡುವುದು ನಿಜವಾದ ಅಪಾಯ. ಆದ್ದರಿಂದ ಒಳ್ಳೆಯ ಗುಂಪು ಅವನನ್ನು ಗದರಿಸದೆ, ಹೊರಹಾಕದೆ, ಎರಡು ವಾರ ಕಾಣಿಸದಿದ್ದರೆ ಮನೆಗೇ ಹೋಗಿ ಕರೆತರುತ್ತದೆ; ಮತ್ತೆ ದಿನವೂ ಕುಡಿಯತೊಡಗಿದ್ದರೆ ಮೊದಲು ವೈದ್ಯರ ಬಳಿ ಕಳುಹಿಸುತ್ತದೆ. ಜೀವ ಸಾಕೆನಿಸುವ ಮಾತು ಬಂದರೆ ತಡಮಾಡದೆ ಆಸ್ಪತ್ರೆಯನ್ನೂ 14416ನ್ನೂ ಸಂಪರ್ಕಿಸುವುದು ಗುಂಪಿನ ಮತ್ತು ಮನೆಯವರ ಕರ್ತವ್ಯ.

ಅಧ್ಯಯನಗಳು ಹೇಳುವುದು

ಸಭೆಗಳ ಪರಿಣಾಮದ ಬಗ್ಗೆ ದೀರ್ಘಕಾಲ ವಾದವಿತ್ತು. 1997ರಲ್ಲಿ ಫಲಿತಾಂಶ ಪ್ರಕಟಿಸಿದ, 1,726 ಮಂದಿಯನ್ನು ಒಳಗೊಂಡ ಅಮೆರಿಕದ ಪ್ರಾಜೆಕ್ಟ್ ಮ್ಯಾಚ್ ಅಧ್ಯಯನ, ಹನ್ನೆರಡು ಹೆಜ್ಜೆಗಳತ್ತ ಕರೆದೊಯ್ಯುವ ಸಮಾಲೋಚನೆ ಇತರ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗೆ ಸರಿಸಮವೆಂದು ಕಂಡಿತು. 27 ಅಧ್ಯಯನಗಳ 10,565 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ಎಡೆಬಿಡದೆ ಕುಡಿಯದೆ ಉಳಿಯುವ ವಿಷಯದಲ್ಲಿ ಎ.ಎ.ಗೆ ಕ್ರಮಬದ್ಧವಾಗಿ ಜೋಡಿಸುವ ವಿಧಾನ ಇತರ ಸ್ಥಾಪಿತ ಚಿಕಿತ್ಸೆಗಳಿಗಿಂತ ಮೇಲೆಂದು ತೀರ್ಮಾನಿಸಿತು. ಭಾರತದಲ್ಲಿ, ಗೋವಾದ ಸಂಗಾತ್ ಸಂಸ್ಥೆಯ ಸಂಶೋಧಕರು 377 ಪುರುಷರೊಡನೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗ, ತರಬೇತಿ ಪಡೆದ ಸಾಮಾನ್ಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಸರಳ ಆಪ್ತಸಲಹೆಯೂ ಕುಡಿತವನ್ನು ತಗ್ಗಿಸುತ್ತದೆಂದು ತೋರಿಸಿತು. ಈ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ತಜ್ಞರಲ್ಲದವರ ಪ್ರಾಮಾಣಿಕ ಮಾತಿಗೂ ಚಿಕಿತ್ಸಕ ಬಲವಿದೆ ಮತ್ತು ಆ ಬಲ ನಿಯತ ಹಾಜರಿಯಿಂದ ಬೆಳೆಯುತ್ತದೆ ಎಂದು ತಿಳಿಯಬಹುದು.

ಹೊಸ ಸಭೆಯನ್ನು ಕಟ್ಟುವುದು

ಇಬ್ಬರು ಮೂವರು ಮದ್ಯವ್ಯಸನಿಗಳು ಕುಡಿಯದಿರುವ ಉದ್ದೇಶದಿಂದ ಒಟ್ಟುಗೂಡಿದರೆ ಅದನ್ನೇ ಒಂದು ಗುಂಪೆಂದು ಎ.ಎ. ಸಂಪ್ರದಾಯ ಒಪ್ಪುತ್ತದೆ. ಹೀಗಾಗಿ ಹತ್ತಿರದಲ್ಲಿ ಸಭೆ ಇಲ್ಲವೆಂಬುದು ದಾರಿಯ ಕೊನೆಯಲ್ಲ. ಕೋಲಾರ ಅಥವಾ ಬೆಂಗಳೂರಿನ ಸಭೆಗೆ ಕೆಲವು ತಿಂಗಳು ಹೋಗಿ ಕ್ರಮ ತಿಳಿದವರು, ಶಿಬಿರದಿಂದ ಮರಳಿದವರು, ಆಸ್ಪತ್ರೆಯಿಂದ ಬಿಡುಗಡೆಯಾದವರು ತಮ್ಮ ಹೋಬಳಿಯಲ್ಲಿ ಇನ್ನೊಬ್ಬರನ್ನು ಕಂಡುಕೊಂಡರೆ ಸಾಕು. ಶಾಲೆಯ ಕೊಠಡಿ, ಗ್ರಂಥಾಲಯ, ಹಾಲು ಉತ್ಪಾದಕರ ಸಂಘದ ಕಟ್ಟಡ ಯಾವುದಾದರೂ ಆಗಬಹುದು. ಒಬ್ಬ ವೈದ್ಯರ ಸಂಪರ್ಕ ಇರಬೇಕು. ವಾರದ ದಿನ ಮತ್ತು ವೇಳೆ ಬದಲಾಗಬಾರದು, ಬಂದವರು ಒಬ್ಬರೇ ಆದರೂ ಬಾಗಿಲು ತೆರೆದಿರಬೇಕು. ಗ್ರಾಮ ಪಂಚಾಯಿತಿಗಳು ಇಂಥ ಗುಂಪಿಗೆ ಜಾಗವನ್ನು ಉಚಿತವಾಗಿ ಕೊಟ್ಟು, ಅದರ ಮಾತಿನಲ್ಲಿ ತಲೆಹಾಕದೆ ಇದ್ದರೆ ಅದೇ ದೊಡ್ಡ ಸಹಾಯ. ಮಾಸ್ತಿಯ ಕೂಲಿಕಾರನಿಗೂ ಶ್ರೀನಿವಾಸಪುರದ ಮಾವಿನ ತೋಟದ ರೈತನಿಗೂ ಮುಳಬಾಗಿಲಿನ ಲಾರಿ ಚಾಲಕನಿಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ, ಅವರ ಮಾತಿನಲ್ಲೇ, ಪ್ರತಿ ವಾರ ತಪ್ಪದೆ ನಡೆಯುವ ಸಭೆಯೊಂದು ಇರುವಂತಾಗುವುದೇ ಈ ಸೀಮೆಯಲ್ಲಿ ಮದ್ಯಮುಕ್ತಿಯ ಕಾರ್ಯ ಮುಂದೆ ಸಾಧಿಸಬೇಕಾದ ಗುರಿಯಾಗಿದೆ.